ಗೋಧಿ ಹೊಲಕ್ಕೂ ಸುರಿದ ಬಣ್ಣಕ್ಕೂ ನಡುವೆ: ಅಮೆರಿಕದ ಕಲೆಯಲ್ಲಿ ಎಲ್ಲರೂ ಹಾರಿಸಿಬಿಡುವ ವರ್ಷಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲಿಗೆ, ಇದು ಯಾವ ಕಾಲದ ಮಾತು?

ಹೆಚ್ಚೂಕಡಿಮೆ 1935ರಿಂದ 1948. ಅಮೆರಿಕದ ಆಧುನಿಕ ಕಲೆಯ ಕಥೆಯನ್ನು ಸಾಮಾನ್ಯವಾಗಿ ಹೇಳೋದು ಹೀಗೆ: ಮೂವತ್ತರ ದಶಕದಲ್ಲಿ ಗೋಧಿ ಹೊಲ, ರೈತರು, ಕಾರ್ಖಾನೆ ಕೂಲಿಗಳು. ಪುಟ ತಿರುಗಿಸಿದರೆ ಜಾಕ್ಸನ್ ಪೊಲಾಕ್ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ ಬಣ್ಣ ಸುರಿಯುತ್ತಿದ್ದಾನೆ. ಮಧ್ಯೆ ಏನಾಯ್ತು ಅಂತ ಕೇಳಿದರೆ ಯುದ್ಧ ಆಯ್ತು, ಯುರೋಪಿನ ಕಲಾವಿದರು ಬಂದರು ಅಂತ ಎರಡು ಸಾಲು. ಆದರೆ ಹೊಲದ ಚಿತ್ರ ಬರೆದವರಲ್ಲಿ ಎಷ್ಟೋ ಜನ ಆಮೇಲೆ ಬಣ್ಣ ಸುರಿದವರೇ. ಅವರ ಕೈ ಹೇಗೆ ಬದಲಾಯಿತು ಅನ್ನೋದು ಆ ನಡುವಿನ ಚಿತ್ರಗಳಲ್ಲಿ ಮಾತ್ರ ಕಾಣುತ್ತದೆ.

(ಕಲಾವಿದರನ್ನೆಲ್ಲ ಏಕವಚನದಲ್ಲಿ ಕರೀತಿದ್ದೀನಿ. ಸಲಿಗೆಗೆ ಅಷ್ಟೇ, ಸಿಟ್ಟಾಗಬೇಡಿ.)

ಹಾಗಾದ್ರೆ ಯಾರೂ ಯಾಕೆ ನೋಡಲಿಲ್ಲ?

ನೋಡೋಕೆ ಅಷ್ಟೇನೂ ಚೆನ್ನಾಗಿಲ್ಲ, ಅದಕ್ಕೆ! ಸುಮ್ನೆ ಹೇಳ್ತಿಲ್ಲ. ಈ ಕಾಲದ ಚಿತ್ರಗಳು ಅರ್ಧ ಪಿಕಾಸೊ, ಅರ್ಧ ಮೀರೊ, ಇನ್ನರ್ಧ ಏನೋ ತಮ್ಮದೇ ಗಡಿಬಿಡಿ. ಮೂರು ಅರ್ಧ ಆಯ್ತು ಅಂತೀರಾ? ಚಿತ್ರಗಳೂ ಹಾಗೇ ಇವೆ, ಒಂದು ಚೌಕಟ್ಟಿನೊಳಗೆ ಹಿಡಿಸೋದಿಲ್ಲ. ರಾಥ್ಕೊ ಅಂದರೆ ತೇಲುವ ಬಣ್ಣದ ಆಯತಗಳಿಗೆ ಹೆಸರಾದ ಚಿತ್ರಕಾರ. ಗೋಡೆಗೆ ಹಾಕಿದ ತಕ್ಷಣ "ಇದು ರಾಥ್ಕೊ" ಅಂತ ಗುರುತು ಸಿಗದ ರಾಥ್ಕೊ ಯಾರಿಗೆ ಬೇಕು? ಮ್ಯೂಸಿಯಂಗೂ ಮಾರುಕಟ್ಟೆಗೂ ಗುರುತು ಸಿಗೋ ಚಿತ್ರ ಬೇಕು.

ಇನ್ನೊಂದು ಕಾರಣ ಆ ಕಲಾವಿದರೇ. ಹೆಸರು ಬಂದ ಮೇಲೆ ಹಳೆಯದನ್ನು ಜಾಸ್ತಿ ತೋರಿಸೋಕೆ ಅವರಿಗೂ ಮನಸ್ಸಿರಲಿಲ್ಲ. ಮೂರನೇ ಕಾರಣ, ಚಿತ್ರಗಳೇ ಉಳಿಯಲಿಲ್ಲ. ಅದಕ್ಕೆ ಬರ್ತೀನಿ.

ಸರ್ಕಾರ ಕಲಾವಿದರಿಗೆ ಸಂಬಳ ಕೊಡ್ತಿತ್ತು ಅನ್ನೋದು ನಿಜಾನಾ?

ನಿಜ. ಆರ್ಥಿಕ ಕುಸಿತದ ಕಾಲದಲ್ಲಿ ರೂಸ್‌ವೆಲ್ಟ್ ಸರ್ಕಾರ ನಿರುದ್ಯೋಗಿಗಳಿಗೆ ಕೆಲಸ ಕೊಡಲು ದೊಡ್ಡ ಯೋಜನೆ ತಂದಿತು. 1935ರಲ್ಲಿ ಅದರೊಳಗೇ ಫೆಡರಲ್ ಆರ್ಟ್ ಪ್ರಾಜೆಕ್ಟ್ ಅಂತ ಒಂದು ವಿಭಾಗ ಶುರುವಾಯಿತು. ನಡೆಸಿದವನು ಹೋಲ್ಗರ್ ಕೇಹಿಲ್. ನ್ಯೂಯಾರ್ಕ್‌ನಲ್ಲಿ ವಾರಕ್ಕೆ 23 ಡಾಲರ್ ಚಿಲ್ಲರೆ ಸಂಬಳ. ರಸ್ತೆ ಹಾಕೋನಿಗೆ ಹೇಗೆ ಕೂಲಿಯೋ, ಚಿತ್ರ ಬರೆಯೋನಿಗೂ ಹಾಗೇ ಕೂಲಿ. ಗೋಡೆ ಚಿತ್ರದ ವಿಭಾಗ ಒಂದು, ಸ್ಟ್ಯಾಂಡ್ ಮೇಲೆ ಕ್ಯಾನ್ವಾಸ್ ಇಟ್ಟು ಬರೆಯುವವರ ವಿಭಾಗ ಇನ್ನೊಂದು. ಎರಡನೆಯವರು ಗೊತ್ತುಮಾಡಿದ ಅವಧಿಗೊಂದು ಚಿತ್ರ ಒಪ್ಪಿಸಬೇಕಿತ್ತು.

ಪೊಲಾಕ್, ರಾಥ್ಕೊ, ಲೀ ಕ್ರಾಸ್ನರ್, ಆರ್ಷಿಲ್ ಗೋರ್ಕಿ, ಫಿಲಿಪ್ ಗಸ್ಟನ್, ನಾರ್ಮನ್ ಲೂಯಿಸ್, ಎಲ್ಲರೂ ಈ ಸಂಬಳದ ಪಟ್ಟಿಯಲ್ಲಿದ್ದವರೇ. ವಿಲೆಮ್ ಡಿ ಕೂನಿಂಗ್ ಕೂಡ ಇದ್ದ, ಆದರೆ ಅವನು ಹಾಲೆಂಡಿನಿಂದ 1926ರಲ್ಲಿ ಹಡಗಿನಲ್ಲಿ ಕದ್ದು ಕೂತು ಬಂದವನು, ಅಮೆರಿಕದ ಪ್ರಜೆ ಅಲ್ಲ. 1937ರಲ್ಲಿ ಪ್ರಜೆಗಳಲ್ಲದವರನ್ನು ತೆಗೆದುಹಾಕಿದಾಗ ಅವನ ಕೆಲಸವೂ ಹೋಯಿತು. ಆದರೂ ಆ ಒಂದು ವರ್ಷದಲ್ಲಿ ಅವನಿಗೆ ಒಂದು ವಿಷಯ ಖಾತ್ರಿಯಾಗಿತ್ತು: ಇನ್ನು ಮುಂದೆ ತಾನು ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುವ ಕಲಾವಿದನೇ ಹೊರತು ಬಿಡುವಿನಲ್ಲಿ ಚಿತ್ರ ಬರೆಯುವ ಕೆಲಸಗಾರ ಅಲ್ಲ.

ನನ್ನ ಪ್ರಕಾರ ಈ ಇಡೀ ಕಾಲದಲ್ಲಿ ಮುಖ್ಯವಾದ ಸಂಗತಿ ಈ 23 ಡಾಲರೇ. ಶೈಲಿ, ಸಿದ್ಧಾಂತ ಎಲ್ಲ ಆಮೇಲೆ. ಮಾರಾಟವಾಗುತ್ತೋ ಇಲ್ಲವೋ ಅನ್ನೋ ಚಿಂತೆ ಇಲ್ಲದೆ ಒಂದು ಊರಿನ ಕಲಾವಿದರೆಲ್ಲ ಏಳೆಂಟು ವರ್ಷ ದಿನವೂ ಕುಂಚ ಹಿಡಿದರು, ಸಂಬಳದ ಸಾಲಿನಲ್ಲಿ ನಿಂತು ಪರಿಚಯ ಮಾಡಿಕೊಂಡರು, ಕಾಫಿ ಕುಡಿಯುತ್ತಾ ಜಗಳ ಆಡಿದರು.

ಆ ಚಿತ್ರಗಳೆಲ್ಲ ಈಗ ಎಲ್ಲಿವೆ?

ಎಷ್ಟೋ ಚಿತ್ರಗಳು ಗುಜರಿಗೆ ಹೋದವು. ಇದು ಮಾತಿನ ಅಲಂಕಾರ ಅಲ್ಲ.

1943ರಲ್ಲಿ ಯೋಜನೆ ಮುಚ್ಚಿತು. ಯುದ್ಧದ ಸಮಯ, ಎಲ್ಲರಿಗೂ ಕೆಲಸ ಸಿಕ್ಕಿತ್ತು. ನ್ಯೂಯಾರ್ಕ್‌ನ ಕ್ವೀನ್ಸ್ ಭಾಗದಲ್ಲಿ ಫ್ಲಶಿಂಗ್ ಅನ್ನೋ ಕಡೆ ಒಂದು ಸರ್ಕಾರಿ ಗೋದಾಮು. ಅಲ್ಲಿ ಚೌಕಟ್ಟಿನಿಂದ ಬಿಚ್ಚಿದ ಕ್ಯಾನ್ವಾಸ್‌ಗಳ ರಾಶಿ. ಹಳೇ ಬಟ್ಟೆ ಅಂತ ಲೆಕ್ಕ ಹಾಕಿ ತೂಕಕ್ಕೆ ಹರಾಜು ಹಾಕಿದರು, ಒಂದು ಪೌಂಡಿಗೆ 4 ಸೆಂಟ್. ಕೊಂಡವನಿಗೆ ಬೇಕಾಗಿದ್ದು ಕ್ಯಾನ್ವಾಸ್ ಬಟ್ಟೆ ಮಾತ್ರ. ಬಿಸಿನೀರಿನ ಪೈಪುಗಳಿಗೆ ಸುತ್ತೋಕೆ. ಸುತ್ತಿದರು ಕೂಡ. ಪೈಪ್ ಕಾದಾಗ ಎಣ್ಣೆಬಣ್ಣದ ವಾಸನೆ ಬಂತು ಅಂತ ಆ ಉಪಾಯ ಕೈಬಿಟ್ಟರಂತೆ.

ಮಿಕ್ಕ ರಾಶಿ ಕೆನಾಲ್ ಸ್ಟ್ರೀಟ್‌ನ ಒಂದು ಹಳೇ ಸಾಮಾನಿನ ಅಂಗಡಿಗೆ ಬಂತು. ಸುದ್ದಿ ಹಬ್ಬಿತು. ಕಲಾವಿದರು, ಅವರ ಸ್ನೇಹಿತರು ಓಡಿಬಂದು, ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದ ಕ್ಯಾನ್ವಾಸ್‌ಗಳನ್ನು ಬಿಡಿಸಿ, ತಮ್ಮ ಚಿತ್ರವನ್ನು ತಾವೇ ಮೂರು ಡಾಲರ್, ಐದು ಡಾಲರ್ ಕೊಟ್ಟು ಕೊಂಡುಕೊಂಡು ಹೋದರು. ಸಿಗದವರ ಕೆಲಸ ಹೋದದ್ದು ಹೋದದ್ದೇ.

ಗೋಡೆ ಚಿತ್ರಗಳಾದ್ರೂ ಉಳಿದವಾ?

ಕೆಲವು. ಗೋರ್ಕಿಯ ಕಥೆ ಕೇಳಿ. 1936–37ರಲ್ಲಿ ನ್ಯೂವಾರ್ಕ್ ವಿಮಾನ ನಿಲ್ದಾಣಕ್ಕೆ ಅವನು ಹತ್ತು ದೊಡ್ಡ ಫಲಕಗಳನ್ನು ಬರೆದ. ವಿಮಾನದ ರೆಕ್ಕೆ, ಚಕ್ರ, ಬಾಲ, ಎಲ್ಲವನ್ನೂ ಬಿಡಿಬಿಡಿಯಾಗಿ ಕತ್ತರಿಸಿ ಹರಡಿದ ಹಾಗೆ. ಸಾರ್ವಜನಿಕ ಜಾಗದಲ್ಲಿ ಅಮೂರ್ತ ಚಿತ್ರ (ವಸ್ತುವನ್ನು ಇದ್ದ ಹಾಗೆ ತೋರಿಸದ ಚಿತ್ರ) ಅನ್ನೋದೇ ಆಗ ಹೊಸದು. ಯುದ್ಧದ ಹೊತ್ತಿಗೆ ನಿಲ್ದಾಣ ಸೇನೆಯ ಕೈಗೆ ಹೋಯಿತು. ಯಾರೋ ಗೋಡೆಗೆ ಬಣ್ಣ ಹೊಡೆದರು. ಆಮೇಲೆ ಮತ್ತೆ ಹೊಡೆದರು, ಮತ್ತೆ ಹೊಡೆದರು. 1970ರ ದಶಕದಲ್ಲಿ ಹುಡುಕಿದಾಗ ಹತ್ತಾರು ಪದರ ಸುಣ್ಣಬಣ್ಣದ ಕೆಳಗೆ ಎರಡು ಫಲಕ ಸಿಕ್ಕವು. ಈಗ ಅವು ನ್ಯೂವಾರ್ಕ್ ಮ್ಯೂಸಿಯಂನಲ್ಲಿವೆ. ಉಳಿದ ಎಂಟು ಇಲ್ಲ.

ಪೊಲಾಕ್ ನಿಜವಾಗ್ಲೂ ಹೊಲ ಗದ್ದೆ ಬರೀತಿದ್ನಾ?

ಬರೀತಿದ್ದ. 1930ರಲ್ಲಿ ನ್ಯೂಯಾರ್ಕ್‌ಗೆ ಬಂದು ಥಾಮಸ್ ಹಾರ್ಟ್ ಬೆಂಟನ್ ಹತ್ತಿರ ಕಲಿತ. ಬೆಂಟನ್ ಅಂದ್ರೆ ಹಳ್ಳಿ ಅಮೆರಿಕದ ಚಿತ್ರಕಾರ, ಅಮೂರ್ತ ಕಲೆ ಅಂದ್ರೆ ಉರಿದುಬೀಳೋನು. ಪೊಲಾಕ್ 1934–35ರ ಸುಮಾರಿಗೆ ಬರೆದ ಒಂದು ಚಿಕ್ಕ ಚಿತ್ರ ಇದೆ, ಹೆಸರು "ಗೋಯಿಂಗ್ ವೆಸ್ಟ್". ಕತ್ತಲೆ, ಚಂದ್ರ, ಗಾಡಿ ಎಳೆಯುವ ಹೇಸರಗತ್ತೆಗಳು. ಬೆಟ್ಟ, ಮೋಡ, ಗಾಡಿ ಎಲ್ಲ ಒಂದೇ ಸುಳಿಯಲ್ಲಿ ತಿರುಗುತ್ತಿವೆ. ಆ ಸುಳಿಯನ್ನು ನೆನಪಿಟ್ಟುಕೊಳ್ಳಿ.

ಬೆಂಟನ್ ಪಾಠದಲ್ಲಿ ಒಂದು ಉಪಾಯ ಹೇಳಿಕೊಡ್ತಿದ್ದ. ಕ್ಯಾನ್ವಾಸಿನಲ್ಲಿ ಮೊದಲು ಮನಸ್ಸಿನಲ್ಲೇ ನೆಟ್ಟಗೆ ಕಂಬಗಳನ್ನು ನೆಡು, ಆಮೇಲೆ ಆಕಾರಗಳನ್ನು ಬಳ್ಳಿಯ ಹಾಗೆ ಆ ಕಂಬಗಳ ಸುತ್ತ ತಿರುಗಿಸು. ಈಗ ಪೊಲಾಕ್ 1943ರಲ್ಲಿ, ನ್ಯೂಯಾರ್ಕ್‌ನಲ್ಲಿ ಗ್ಯಾಲರಿ ನಡೆಸುತ್ತಿದ್ದ ಪೆಗಿ ಗುಗೆನ್‌ಹೈಮ್ ಮನೆಯ ಪಡಸಾಲೆಗೆ ಬರೆದ "ಮ್ಯೂರಲ್" ನೋಡಿ. ಸುಮಾರು 8 ಅಡಿ ಎತ್ತರ, 20 ಅಡಿ ಅಗಲ. ಹೊಲ ಇಲ್ಲ, ಗಾಡಿ ಇಲ್ಲ, ಮನುಷ್ಯರೂ ಇಲ್ಲ ಅನ್ನಿ. ಆದರೆ ಎಡದಿಂದ ಬಲಕ್ಕೆ ಕಪ್ಪು ಕಂಬಗಳು ಸಾಲಾಗಿ ನಿಂತಿವೆ, ಹಳದಿ, ಗುಲಾಬಿ, ನೀಲಿ ಬಣ್ಣ ಅವುಗಳ ಸುತ್ತ ಬಳಸಿಕೊಂಡು ಓಡುತ್ತಿದೆ. ಮೇಷ್ಟ್ರ ಪಾಠ ಹಾಗೇ ಇದೆ, ವಿಷಯ ಮಾತ್ರ ಮಾಯ!

ಮಧ್ಯದಲ್ಲಿ ಇನ್ನೊಬ್ಬ ಮೇಷ್ಟ್ರು ಸಿಕ್ಕಿದ್ದ. ಮೆಕ್ಸಿಕೋದ ಸಿಕೇರೋಸ್ 1936ರಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ಪ್ರಯೋಗಶಾಲೆ ನಡೆಸಿದ. ಅಲ್ಲಿ ಕಾರಿಗೆ ಹೊಡೆಯುವ ಬಣ್ಣ, ಸ್ಪ್ರೇ ಗನ್, ಮರದ ಹಲಗೆ ಮೇಲೆ ಬಣ್ಣ ಸುರಿಯೋದು, ಎರಚೋದು ಎಲ್ಲ ನಡೀತಿತ್ತು. ಮೇ ದಿನದ ಮೆರವಣಿಗೆಗೆ ಬೇಕಾದ ಸಾಮಾನು ಕೂಡ ಅಲ್ಲೇ ತಯಾರು. ಪೊಲಾಕ್ ಅಲ್ಲಿ ಕೆಲಸ ಮಾಡಿದ. ಬಣ್ಣ ಸುರಿಯುವ ಅವನ ಪ್ರಸಿದ್ಧ ಚಿತ್ರಗಳು 1947ರಿಂದ ಈಚೆಗಿನವು. ಅಂದರೆ ನೋಡಿದ್ದು ಕೈಗೆ ಇಳಿಯೋಕೆ ಹನ್ನೊಂದು ವರ್ಷ ಹಿಡಿಯಿತು.

"ಮ್ಯೂರಲ್" ಚಿತ್ರವನ್ನು ಒಂದೇ ರಾತ್ರಿಯಲ್ಲಿ ಮುಗಿಸಿದನಂತೆ?

ಎಲ್ಲರೂ ಹೇಳೋ ಕಥೆ. ತಿಂಗಳುಗಟ್ಟಲೆ ಖಾಲಿ ಕ್ಯಾನ್ವಾಸ್ ಮುಂದೆ ಕೂತಿದ್ದು ಒಂದು ರಾತ್ರಿ ಮೈಮೇಲೆ ದೇವರು ಬಂದವರ ಹಾಗೆ ಬರೆದು ಮುಗಿಸಿದ ಅಂತ. ಕ್ಯಾನ್ವಾಸ್ ಹಿಡಿಸೋಕೆ ಮನೆಯ ಒಂದು ಗೋಡೆ ಒಡೆದಿದ್ದು ನಿಜ. ಒಂದು ರಾತ್ರಿಯದು ಸುಳ್ಳು. ಆ ಚಿತ್ರ ಈಗ ಅಯೋವಾ ವಿಶ್ವವಿದ್ಯಾಲಯದ್ದು. ಅದನ್ನು 2012–14ರಲ್ಲಿ ಲಾಸ್ ಏಂಜಲೀಸ್‌ನ ಗೆಟ್ಟಿ ಕಲಾ ಸಂಸ್ಥೆಯಲ್ಲಿ ಸ್ವಚ್ಛಗೊಳಿಸಿ ಪರೀಕ್ಷೆ ಮಾಡಿದರು. ಕೆಳಗಿನ ಎಣ್ಣೆಬಣ್ಣ ಚೆನ್ನಾಗಿ ಒಣಗಿದ ಮೇಲೆ ಮೇಲಿನ ಬಣ್ಣ ಹಚ್ಚಿದ್ದು ಎಷ್ಟೋ ಕಡೆ ಕಾಣಿಸಿತು. ಎಣ್ಣೆಬಣ್ಣ ಒಣಗೋಕೆ ದಿನಗಳು ಬೇಕು, ಅಲ್ವಾ?

ಇಂಥ ಕಥೆಗಳಿಂದಲೇ ನಡುವಿನ ಕಾಲ ಮಾಯವಾಗೋದು. ಎಲ್ಲ ಒಂದು ರಾತ್ರಿಯಲ್ಲಿ ಆಯ್ತು ಅಂದಮೇಲೆ ಹಿಂದಿನ ಹನ್ನೆರಡು ವರ್ಷ ಯಾಕೆ ನೋಡಬೇಕು ಹೇಳಿ?

ರಾಥ್ಕೊ? ಅವನೂ ಮನುಷ್ಯರನ್ನು ಬರೆದಿದ್ನಾ?

ನನಗೆ ಇದು ಭಾರಿ ಇಷ್ಟ. ಆ ತೇಲುವ ಆಯತಗಳಿಗೆ ಮುಂಚೆ, ಮೂವತ್ತರ ದಶಕದ ಕೊನೆಯಲ್ಲಿ ರಾಥ್ಕೊ ನ್ಯೂಯಾರ್ಕ್‌ನ ನೆಲದಡಿಯ ರೈಲು ನಿಲ್ದಾಣಗಳನ್ನು ಬರೆದ. "ಎಂಟ್ರನ್ಸ್ ಟು ಸಬ್‌ವೇ" 1938ರದ್ದು. ಕಂಬ, ಮೆಟ್ಟಿಲು, ಕಂಬಿ. ಜನ ಇದ್ದಾರೆ, ಆದರೆ ಕಡ್ಡಿಯ ಹಾಗೆ ತೆಳ್ಳಗೆ, ಮುಖ ಸರಿಯಾಗಿ ಕಾಣೋದಿಲ್ಲ. ಇದೇ ಸರಣಿಯ ಬೇರೆ ಚಿತ್ರಗಳಲ್ಲಿ ಯಾವುದು ಕಂಬ, ಯಾವುದು ಮನುಷ್ಯ ಅಂತ ಎರಡು ಸಲ ನೋಡಬೇಕು. ಈಗ ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿ. ಮನುಷ್ಯರು ಕರಗಿ ಹೋಗ್ತಾರೆ. ಗೋಡೆಯ ಬಣ್ಣ, ನೆಲದ ಬಣ್ಣ, ಮಧ್ಯದ ಪಟ್ಟಿ, ಇಷ್ಟೇ ಉಳಿಯೋದು.

ಅಲ್ಲಿಂದ ಅವನು ನೇರವಾಗಿ ಆಯತಕ್ಕೆ ಹೋಗಲಿಲ್ಲ. ಗ್ರೀಕ್ ಪುರಾಣ, ಸಮುದ್ರದ ಹುಳುಗಳಂಥ ಆಕಾರಗಳು, 1944ರ "ಸ್ಲೋ ಸ್ವರ್ಲ್ ಅಟ್ ದಿ ಎಡ್ಜ್ ಆಫ್ ದಿ ಸೀ" ಎಲ್ಲ ಆಯಿತು. 1946ರಿಂದ 49ರವರೆಗೆ ಮೋಡದಂಥ ಬಣ್ಣದ ಕಲೆಗಳು. ಆ ಕಲೆಗಳೇ ಕೂಡಿಕೊಂಡು, ಕಡಿಮೆಯಾಗುತ್ತಾ ಬಂದು, ಕೊನೆಗೆ ಎರಡು ಮೂರು ಆಯತ ಉಳಿದವು.

"ಇಂಡಿಯನ್ ಸ್ಪೇಸ್" ಅಂತ ಒಂದು ಪಂಥ ಇತ್ತಂತೆ, ಅದು ನಮ್ಮ ಇಂಡಿಯಾನಾ?

ಅಲ್ಲ, ಅಮೆರಿಕದ ಮೂಲನಿವಾಸಿಗಳು. ನಾನೂ ಮೊದಲು ಹೆಸರು ಕೇಳಿ ಖುಷಿಪಟ್ಟು ಮೋಸಹೋದೆ.

ಸ್ಟೀವ್ ವೀಲರ್, ಪೀಟರ್ ಬೂಸಾ, ರಾಬರ್ಟ್ ಬ್ಯಾರೆಲ್ ಅಂತ ನ್ಯೂಯಾರ್ಕ್‌ನ ಕೆಲವರು ವಾಯವ್ಯ ಕರಾವಳಿಯ ಮೂಲನಿವಾಸಿಗಳ ಕೆತ್ತನೆ, ಕಂಬಳಿಗಳನ್ನು ಮ್ಯೂಸಿಯಂಗಳಲ್ಲಿ ಕೂತು ನೋಡಿದರು. ಅಲ್ಲಿ ಹಿನ್ನೆಲೆ ಅಂತ ಒಂದು ಇರೋದಿಲ್ಲ. ಹಕ್ಕಿಯ ಕಣ್ಣಿಗೂ ರೆಕ್ಕೆಗೂ ನಡುವಿನ ಖಾಲಿ ಜಾಗವೂ ಒಂದು ಆಕಾರವೇ, ಇನ್ನೊಂದು ಪ್ರಾಣಿಯ ಕಿವಿಯೋ ಬಾಯಿಯೋ ಆಗಿರುತ್ತದೆ. ಇದನ್ನು ಕ್ಯೂಬಿಸಂ (ವಸ್ತುವನ್ನು ತುಂಡು ತುಂಡು ಮಾಡಿ ಜೋಡಿಸುವ ಪಿಕಾಸೊ ಶೈಲಿ) ಜೊತೆ ಸೇರಿಸಿ, ಕಣ್ಣಿಗೆ ಕೂರೋಕೆ ಜಾಗವೇ ಸಿಗದ ಚಿತ್ರಗಳನ್ನು ಬರೆದರು. 1946ರಲ್ಲಿ ಗ್ಯಾಲರಿ ನೂಫ್‌ನಲ್ಲಿ ಪ್ರದರ್ಶನ ಆಯಿತು. ಎಲ್ಲರಿಗಿಂತ ಗಟ್ಟಿಗ ವೀಲರ್, ಅವನೇ ಸೇರಲಿಲ್ಲ. ಎರಡು ಮೂರು ವರ್ಷದಲ್ಲಿ ಎಲ್ಲರೂ ಪೊಲಾಕ್ ಕಡೆ ತಿರುಗಿದರು, ಇವರನ್ನು ಕೇಳುವವರೇ ಇಲ್ಲ. ಅವರು ಯಾರಿಂದ ಕಲಿತರೋ ಆ ಕೆತ್ತನೆಗಾರರ ಹೆಸರನ್ನಂತೂ ಆಗ ಯಾರೂ ಕೇಳಲೇ ಇಲ್ಲ ಬಿಡಿ.

1941ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂನಲ್ಲಿ ಮೂಲನಿವಾಸಿಗಳ ಕಲೆಯ ದೊಡ್ಡ ಪ್ರದರ್ಶನ ನಡೆಯಿತು. ನವಾಹೊ ಜನ ನೆಲದ ಮೇಲೆ ಕೂತು ಬಣ್ಣದ ಮರಳನ್ನು ಬೆರಳ ಸಂದಿಯಿಂದ ಬಿಡುತ್ತಾ ಚಿತ್ರ ಹಾಕಿ ತೋರಿಸಿದರು. ನಮಗಾದರೆ ತಕ್ಷಣ ರಂಗೋಲಿ ಹಾಕೋ ಕೈ ನೆನಪಾಗುತ್ತದೆ. ಸಂಬಂಧ ಏನಿಲ್ಲ, ಅದು ರೋಗಿಯ ವಾಸಿಗಾಗಿ ಮಾಡುವ ವಿಧಿ, ಮುಗಿದ ಮೇಲೆ ಅಳಿಸಿಬಿಡ್ತಾರೆ. ಪೊಲಾಕ್ ತಾನು ನೆಲದ ಮೇಲೆ ಕ್ಯಾನ್ವಾಸ್ ಹಾಸಿ ಸುತ್ತಲೂ ಓಡಾಡಿ ಕೆಲಸ ಮಾಡೋದನ್ನು 1947ರಲ್ಲಿ ವಿವರಿಸುವಾಗ ಈ ಮರಳು ಚಿತ್ರದವರನ್ನೇ ನೆನೆದ.

ಹೆಂಗಸರು ಯಾರೂ ಇರಲಿಲ್ವಾ?

ಇದ್ದರು. ಬ್ರೂಕ್ಲಿನ್‌ನಲ್ಲಿ ಜಾನೆಟ್ ಸೋಬೆಲ್ ಅಂತ ಒಬ್ಬಳು. ಉಕ್ರೇನಿನಲ್ಲಿ ಹುಟ್ಟಿದವಳು, ಐದು ಮಕ್ಕಳ ತಾಯಿ, ಮೊಮ್ಮಕ್ಕಳನ್ನೂ ಕಂಡವಳು. ನಲವತ್ತೈದು ದಾಟಿದ ಮೇಲೆ ಚಿತ್ರ ಶುರು ಮಾಡಿದಳು, ಯಾವ ಶಾಲೆಯಲ್ಲೂ ಕಲಿತಿದ್ದಲ್ಲ. ಬಣ್ಣ ಸುರಿದು, ಕ್ಯಾನ್ವಾಸ್ ಓರೆ ಮಾಡಿ, ಹಸಿ ಬಣ್ಣವನ್ನು ಬಾಯಲ್ಲಿ ಊದಿ ಹರಡುತ್ತಿದ್ದಳು. ಅವಳ "ಮಿಲ್ಕಿ ವೇ" 1945ರದ್ದು. ಪೊಲಾಕ್ ಸುರಿಯೋಕೆ ಶುರುಮಾಡಿದ್ದು ಯಾವಾಗ ಅಂತ ಮೇಲೆ ಹೇಳಿದ್ದೀನಿ, ನೀವೇ ಲೆಕ್ಕ ಹಾಕಿ. 1946ರಲ್ಲಿ ಪೆಗಿ ಗುಗೆನ್‌ಹೈಮ್ ಗ್ಯಾಲರಿಯಲ್ಲಿ ಅವಳದೇ ಪ್ರದರ್ಶನ ಆಯಿತು. ಪೊಲಾಕ್ ಅವಳ ಚಿತ್ರ ನೋಡಿದ್ದ ಅಂತ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ ಎಷ್ಟೋ ವರ್ಷ ಆದಮೇಲೆ ಬರೆದ. ಬರೆದಿದ್ದು ಒಳ್ಳೆಯದೇ, ಆದರೆ ಜೊತೆಗೆ ಅವಳನ್ನು ಗೃಹಿಣಿ ಅಂತ ಕರೆದು ಒಂದು ಮೆಟ್ಟಿಲು ಕೆಳಗೇ ಕೂರಿಸಿದ.

ಲೀ ಕ್ರಾಸ್ನರ್ ವಿಷಯ ಬೇರೆ. ಪೊಲಾಕ್‌ಗಿಂತ ಚೆನ್ನಾಗಿ ಓದಿಕೊಂಡವಳು, ಹಾನ್ಸ್ ಹಾಫ್‌ಮನ್ ಶಾಲೆಯಲ್ಲಿ ಕಲಿತವಳು. ಆ ಮೇಷ್ಟ್ರು ಅವಳನ್ನು ಹೊಗಳಿದ ರೀತಿ ಹೇಗೆ ಗೊತ್ತಾ, ಇದು ಎಷ್ಟು ಚೆನ್ನಾಗಿದೆ ಅಂದ್ರೆ ಹೆಂಗಸು ಮಾಡಿದ್ದು ಅಂತ ಗೊತ್ತೇ ಆಗಲ್ಲ ಅಂತ. ಪೊಲಾಕ್‌ನ ಮದುವೆಯಾಗಿ 1945ರ ಕೊನೆಗೆ ಇಬ್ಬರೂ ಹಳ್ಳಿ ಮನೆಗೆ ಹೋದರು. ದೊಡ್ಡ ಕೊಟ್ಟಿಗೆ ಅವನಿಗೆ, ಮಹಡಿಯ ಮೇಲಿನ ಮಲಗುವ ಕೋಣೆ ಇವಳಿಗೆ. ಆ ಕೋಣೆಯಲ್ಲಿ ಬರೆದ ಅವಳ "ಲಿಟಲ್ ಇಮೇಜ್" ಚಿತ್ರಗಳು ಚಿಕ್ಕವು, ಅಕ್ಷರ ಬರೆದ ಹಾಗೆ ಒತ್ತೊತ್ತಾದ ಗೆರೆಗಳು. ಅವಳು ಯಾಕೆ ಚಿಕ್ಕದಾಗಿ ಬರೆದಳು ಅಂತ ಕೇಳುವವರು ಮೊದಲು ಆ ಕೋಣೆಯನ್ನು ಅಳತೆ ಮಾಡಬೇಕು.

ಕಪ್ಪು ಕಲಾವಿದರು?

ನ್ಯೂಯಾರ್ಕ್‌ನ ಹಾರ್ಲೆಮ್ ಬಡಾವಣೆಯ ನಾರ್ಮನ್ ಲೂಯಿಸ್. ಮೂವತ್ತರ ದಶಕದಲ್ಲಿ ಬಡವರನ್ನು, ಬೀದಿಯನ್ನು ಬರೆದವನು. ಯುದ್ಧದ ವರ್ಷಗಳಲ್ಲಿ ಅವನಿಗೆ ಒಂದು ಅನುಮಾನ ಬಂತು: ಬಡತನದ ಚಿತ್ರ ಬರೆದರೆ ಬಡತನ ಹೋಗುತ್ತಾ? ನಲವತ್ತರ ದಶಕದ ಮಧ್ಯದಿಂದ ಅಮೂರ್ತದ ಕಡೆ ತಿರುಗಿದ. ಕೆಳಗೆ ಸಣ್ಣ ಸಣ್ಣ ಗೆರೆಗಳು ಗುಂಪುಗೂಡಿ ನಡೆಯುತ್ತಿರುತ್ತವೆ, ದೂರದಿಂದ ನೋಡಿದರೆ ಜನಸಂದಣಿಯೋ ಮೆರವಣಿಗೆಯೋ ಅನ್ನಿಸುತ್ತದೆ. 1950ರಲ್ಲಿ ನ್ಯೂಯಾರ್ಕ್‌ನ ಅಮೂರ್ತ ಕಲಾವಿದರು ಸ್ಟುಡಿಯೋ 35 ಅನ್ನೋ ಜಾಗದಲ್ಲಿ ಮೂರು ದಿನ ಕೂತು ಚರ್ಚೆ ಮಾಡಿದಾಗ ಅಲ್ಲಿದ್ದ ಒಬ್ಬನೇ ಕಪ್ಪು ಕಲಾವಿದ ಅವನು. ಅದೇ ಗುಂಪಿನ ಪ್ರಸಿದ್ಧ ಫೋಟೋ ಲೈಫ್ ಪತ್ರಿಕೆಯಲ್ಲಿ ಬಂದಾಗ ಅವನು ಅದರಲ್ಲಿ ಇಲ್ಲ. ಆಮೇಲೆ ಇತಿಹಾಸ ಬರೆದವರು ಫೋಟೋ ನೋಡಿಕೊಂಡು ಬರೆದರು ಅನ್ನಿಸುತ್ತೆ.

ಎಲ್ಲ ನ್ಯೂಯಾರ್ಕ್‌ನಲ್ಲೇ ನಡೀತಾ?

ಇಲ್ಲ. 1938ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ರೇಮಂಡ್ ಜಾನ್ಸನ್, ಎಮಿಲ್ ಬಿಸ್ಟ್ರಾಮ್ ಮತ್ತಿತರರು ಟ್ರಾನ್ಸೆಂಡೆಂಟಲ್ ಪೇಂಟಿಂಗ್ ಗ್ರೂಪ್ ಕಟ್ಟಿದರು. ಯುದ್ಧ ಬಂದು ಮೂರ್ನಾಲ್ಕು ವರ್ಷಕ್ಕೇ ಚದುರಿಹೋದರು. ಅವರು ಗೌರವದಿಂದ ಅಧ್ಯಕ್ಷೆ ಅಂತ ಕರೆದಿದ್ದು ಕ್ಯಾಲಿಫೋರ್ನಿಯಾ ಮರುಭೂಮಿಯಲ್ಲಿ ಒಂಟಿಯಾಗಿ ಇದ್ದ ಆಗ್ನೆಸ್ ಪೆಲ್ಟನ್‌ಳನ್ನ. ಕತ್ತಲ ಮೇಲೆ ಹೊಳೆಯುವ ನಕ್ಷತ್ರ, ಹೂಜಿಯಂಥ ಆಕಾರ, ಒಳಗಿಂದ ಬೆಳಕು. ಪ್ರವಾಸಿಗರಿಗೆ ಮರುಭೂಮಿಯ ಸಾದಾ ದೃಶ್ಯಗಳನ್ನು ಬರೆದು ಮಾರಿ ಹೊಟ್ಟೆ ಹೊರೆದು, ಇವನ್ನು ತನಗಾಗಿ ಬರೆದಳು.

ಇಲ್ಲಿ ಬೆಂಗಳೂರಿಗೆ ಒಂದು ಸಣ್ಣ ಎಳೆ ಇದೆ. ಪೆಲ್ಟನ್ ಹಚ್ಚಿಕೊಂಡು ಓದುತ್ತಿದ್ದ ಅಗ್ನಿ ಯೋಗ ಅನ್ನೋ ಚಿಂತನೆ ನಿಕೊಲಸ್ ಮತ್ತು ಹೆಲೆನಾ ರೋರಿಕ್ ದಂಪತಿಯದು. ಅವರ ಮಗನೇ ಸ್ವೆಟೊಸ್ಲಾವ್ ರೋರಿಕ್, ದೇವಿಕಾ ರಾಣಿಯ ಗಂಡ, ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನವರು. ಚಿತ್ರಕಲಾ ಪರಿಷತ್ತಿನಲ್ಲಿ ಅಪ್ಪ ಮಗನ ಚಿತ್ರಗಳಿವೆ. ಅಲ್ಲಿನ ಹಿಮಾಲಯದ ಬೆಳಕು ನೋಡಿದ ಮೇಲೆ ಪೆಲ್ಟನ್ ಚಿತ್ರ ನೋಡಿದರೆ ಅಷ್ಟೇನೂ ದೂರದವಳು ಅನ್ನಿಸೋದಿಲ್ಲ.

ಈ ಕಲೆಯನ್ನು ಬೆಳೆಸಿದ್ದೇ ಸಿಐಎ ಅಂತಾರಲ್ಲ?

ಅದು ಐವತ್ತರ ದಶಕದ ಮಾತು, ಮತ್ತು ಹೇಳುವಷ್ಟು ಸರಳ ಅಲ್ಲ. ನಮ್ಮ ಕಾಲದಲ್ಲಿ ನಡೆದಿದ್ದು ಪೂರ್ತಿ ಉಲ್ಟಾ. 1946ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಹೊರದೇಶಗಳಿಗೆ ಕಳಿಸೋಕೆ ಅಂತ 79 ತೈಲಚಿತ್ರಗಳನ್ನು 49,000 ಡಾಲರಿಗೆ ಕೊಂಡಿತು. ಜಾರ್ಜಿಯಾ ಓಕೀಫ್, ಸ್ಟೂವರ್ಟ್ ಡೇವಿಸ್, ಜೇಕಬ್ ಲಾರೆನ್ಸ್, ಬೆನ್ ಶಾನ್, ಕುನಿಯೋಶಿ. ತೀರಾ ವಿಚಿತ್ರವಾದವೇನೂ ಅಲ್ಲ. ಪ್ಯಾರಿಸ್, ಪ್ರಾಗ್, ಹವಾನಾಗೆ ಹೋದವು. ಊರಲ್ಲಿ ಪತ್ರಿಕೆಗಳು "ನಿಮ್ಮ ತೆರಿಗೆ ದುಡ್ಡಿನ ಚಿತ್ರ ನೋಡಿ" ಅಂತ ಶುರು ಹಚ್ಚಿಕೊಂಡವು, ಕುನಿಯೋಶಿಯ ಸರ್ಕಸ್ ಹುಡುಗಿಯನ್ನು ಅಧ್ಯಕ್ಷ ಟ್ರೂಮನ್ ಕೂಡ ಲೇವಡಿ ಮಾಡಿದ. 1947ರಲ್ಲಿ ಎಲ್ಲ ವಾಪಸ್. 1948ರಲ್ಲಿ ಯುದ್ಧದಲ್ಲಿ ಮಿಕ್ಕ ಸಾಮಾನು ಮಾರುವ ಇಲಾಖೆಯ ಮೂಲಕ, ಜಲವರ್ಣ ಸೇರಿ 117 ಚಿತ್ರ 5,544 ಡಾಲರಿಗೆ ಮಾರಾಟ. ಅಲಬಾಮಾದ ಒಂದು ಕಾಲೇಜು 36 ಚಿತ್ರಗಳನ್ನು 1,072 ಡಾಲರಿಗೆ ಹೊಡೆದುಕೊಂಡಿತು. ಈಗಿನ ಆಬರ್ನ್ ವಿಶ್ವವಿದ್ಯಾಲಯ ಅದೇ. ಮೊದಲು ಗುಜರಿ, ಆಮೇಲೆ ಮಿಲಿಟರಿ ಹರಾಜು!

ಇಂಥ ನಡುವಿನ ಕಾಲ ಇದೊಂದೇನಾ?

ಬೇಕಾದಷ್ಟಿವೆ. 1949ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಡೇವಿಡ್ ಪಾರ್ಕ್ ತನ್ನ ಅಮೂರ್ತ ಚಿತ್ರಗಳನ್ನು ಗಾಡಿಗೆ ತುಂಬಿ ಬರ್ಕ್ಲಿಯ ಕಸದ ಗುಂಡಿಗೆ ಹಾಕಿ ಬಂದು ಮತ್ತೆ ಮನುಷ್ಯರನ್ನು ಬರೆದ, ಎಲ್ಲರೂ ಆ ಕಡೆ ಹೋಗುವಾಗ ಇವನೊಬ್ಬ ಈ ಕಡೆ. 1970ರಲ್ಲಿ ಫಿಲಿಪ್ ಗಸ್ಟನ್ ಹಾಗೇ ಮಾಡಿದ. ಮುಸುಕು ಹಾಕಿದ ಗೂಂಡಾಗಳು, ಬೂಟು, ಸಿಗರೇಟು. ವಿಮರ್ಶಕರು ಹಿಗ್ಗಾಮುಗ್ಗಾ ಬೈದರು. ಆದರೆ ಆ ಮುಸುಕಿನವರನ್ನು ಅವನು ಮೂವತ್ತರ ದಶಕದಲ್ಲೇ, ಹುಡುಗನಾಗಿದ್ದಾಗಲೇ ಬರೆದಿದ್ದ.

ಒಂದೇ ಚಿತ್ರ ನೋಡು ಅಂದ್ರೆ ಯಾವುದು?

ಗೋರ್ಕಿಯ "ದಿ ಆರ್ಟಿಸ್ಟ್ ಆಂಡ್ ಹಿಸ್ ಮದರ್". ಅವನು ಅರ್ಮೇನಿಯಾದವನು, ಹುಟ್ಟಿದ್ದು ವಾನ್ ಸರೋವರದ ಹತ್ತಿರ. ನರಮೇಧದಿಂದ ತಪ್ಪಿಸಿಕೊಂಡು ನಡೆದು ಬಂದ ಮೇಲೆ 1919ರಲ್ಲಿ ಅಮ್ಮ ಹಸಿವಿನಿಂದ ಸತ್ತಳು. ಮಾರನೇ ವರ್ಷ ಅವನು ಅಮೆರಿಕ ಸೇರಿದ. 1912ರಲ್ಲಿ ತೆಗೆಸಿದ ಒಂದು ಫೋಟೋ ಅವನ ಕೈಗೆ ಸಿಕ್ಕಿತು, ಕೋಟು ಹಾಕಿಕೊಂಡು ಹೂ ಹಿಡಿದ ಹುಡುಗ, ಪಕ್ಕದಲ್ಲಿ ಕೂತ ಅಮ್ಮ. ಅದನ್ನಿಟ್ಟುಕೊಂಡು 1926ರಿಂದ ಸುಮಾರು 1936ರವರೆಗೆ ಒಂದೇ ಚಿತ್ರ ಬರೆದ. ಅದು ಈಗ ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂನಲ್ಲಿದೆ. ಇನ್ನೊಂದು ಪ್ರತಿ ವಾಷಿಂಗ್ಟನ್‌ನಲ್ಲಿ, ಅದರ ಮೇಲೆ ಇನ್ನೂ ಹೆಚ್ಚು ವರ್ಷ ಕೆಲಸ ಮಾಡಿದ. ಬಣ್ಣ ಹಚ್ಚಿ ಒಣಗಲು ಬಿಟ್ಟು, ಬ್ಲೇಡಿನಿಂದ ಕೆರೆದು ನುಣುಪು ಮಾಡಿ, ಸ್ನಾನದ ತೊಟ್ಟಿಯಲ್ಲಿ ತೊಳೆದು, ಮತ್ತೆ ಹಚ್ಚೋದು.

ಫೋಟೋದಲ್ಲಿ ಅಮ್ಮನ ಮಡಿಲ ಬಟ್ಟೆಯ ತುಂಬ ಹೂವಿನ ಕಸೂತಿ ಇದೆ. ಚಿತ್ರದಲ್ಲಿ ಅದು ಒಂದು ದೊಡ್ಡ ತಿಳಿಬಣ್ಣದ ಹಾಳೆ ಅಷ್ಟೇ. ಮುಖಗಳು ಕಡೆದಿಟ್ಟ ಹಾಗಿವೆ, ಕಣ್ಣು ಬಿಡೋದಿಲ್ಲ. ಕೈ ಮಾತ್ರ ಇಲ್ಲ. ಅಮ್ಮನ ಎರಡೂ ಕೈ ಇರಬೇಕಾದ ಕಡೆ, ಬ್ಯಾಂಡೇಜ್ ಸುತ್ತಿದಂಥ ಬಿಳಿಯ ಎರಡು ಮುದ್ದೆ.